ಮೈನಸ್‌ನಿಂದ ಭಾಗಿಸಿದರೆ ‘ಚಿಹ್ನೆ ಬದಲಾಗುತ್ತದೆ’ ಅಂತಾರಲ್ಲ, ಯಾವ ಚಿಹ್ನೆ?

ಪೆನ್ಸಿಲ್‌ಮೊನೆ

ನಿನ್ನೆ ರಾತ್ರಿ ತಂಗಿಗೆ ಅಸಮತೆಯ ಲೆಕ್ಕ ಹೇಳಿಕೊಡಲು ಕೂತು ಸರಿಯಾಗಿ ಸಿಕ್ಕಿಹಾಕಿಕೊಂಡೆ. (ಎಕ್ಸ್ ಬದಲು ‘ಯ’ ಅಂತ ಬರೆಯುತ್ತೇನೆ, ಪ್ರತಿ ಸಲ ಕೀಬೋರ್ಡ್ ಬದಲಾಯಿಸೋಕೆ ಬೇಜಾರು.)

ಮೊದಲನೇ ಲೆಕ್ಕ -3ಯ < 12. ಎರಡೂ ಕಡೆ -3ರಿಂದ ಭಾಗಿಸಿ ಯ > -4 ಅಂತ ಬರೆದು ತೋರಿಸಿದೆ. ‘ಬಾಯಿ ಯಾಕೆ ಆ ಕಡೆ ತಿರುಗಿತು?’ ಅಂತ ಕೇಳಿದಳು. ಮೈನಸ್‌ನಿಂದ ಭಾಗಿಸಿದರೆ ಚಿಹ್ನೆ ಬದಲಾಗುತ್ತದೆ, ಅದು ರೂಲು ಅಂದೆ. ಸುಮ್ಮನಾದಳು.

ಎರಡನೇ ಲೆಕ್ಕ 2ಯ < -8. ಅವಳೇ ಮಾಡಿ ಯ > -4 ಅಂತ ಬರೆದಳು. ತಪ್ಪು, ಇಲ್ಲಿ ತಿರುಗಿಸಬಾರದು ಅಂದೆ. ‘ಮೈನಸ್ ಇದೆ. ಭಾಗಿಸಿದ್ದೂ ಆಯ್ತು. ಉತ್ತರದಲ್ಲೂ ಮೈನಸ್ ಬಂತು. ನಿನ್ನ ರೂಲು ನಿನಗೆ ಬೇಕಾದಾಗ ಮಾತ್ರ ನಡೆಯುತ್ತಾ?’ ಅಂದಳು. ಪುಸ್ತಕ ಮುಚ್ಚಿ ಎದ್ದು ಹೋದಳು.

ನಿಜ ಹೇಳಬೇಕಂದರೆ ನನಗೂ ಕಾರಣ ಗೊತ್ತಿಲ್ಲ. ಹತ್ತು ವರ್ಷ ಆ ರೂಲನ್ನು ನಂಬಿಕೊಂಡೇ ಪಾಸಾದವನು ನಾನು. ಒಂದು ಪ್ರವೇಶ ಪರೀಕ್ಷೆಯಲ್ಲಿ 6/ಯ < 2 ಅನ್ನೋ ಲೆಕ್ಕಕ್ಕೆ ಯ > 3 ಅಂತ ಗುರುತು ಹಾಕಿ ಬಂದು ಅಂಕ ಕಳೆದುಕೊಂಡಿದ್ದೆ, ಅದು ಯಾಕೆ ತಪ್ಪು ಅಂತ ಇವತ್ತಿಗೂ ಗೊತ್ತಿಲ್ಲ. ಯಾರಾದರೂ ರೂಲು ಹೇಳದೆ ಕಾರಣ ಹೇಳುತ್ತೀರಾ?

ಸುಮ್ನೆಓದುಗ

ಕಾರಣ ಆಮೇಲೆ. ಮೊದಲು ಒಂದೆರಡು ಸಂಖ್ಯೆ ಹಾಕಿ ನೋಡಿ. -3ಯ < 12ರಲ್ಲಿ ಯ ಜಾಗಕ್ಕೆ 0 ಹಾಕಿದರೆ 0 < 12, ಸರಿ. -5 ಹಾಕಿದರೆ 15 < 12, ಸುಳ್ಳು. ಅಂದರೆ 0 ಒಳಗಿರಬೇಕು, -5 ಹೊರಗಿರಬೇಕು. ಬಾಯಿ ಯಾವ ಕಡೆ ಅನ್ನೋದು ಅಲ್ಲೇ ತೀರ್ಮಾನ ಆಯಿತು.

ಪೆನ್ಸಿಲ್‌ಮೊನೆ

ಹಾಗೆ ಹಾಕಿ ತೋರಿಸಿದೆ. ‘ಉತ್ತರ ಸರಿ ಅಂತ ಗೊತ್ತಾಯಿತು, ಯಾಕೆ ಅಂತ ಗೊತ್ತಾಗಲಿಲ್ಲ’ ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ ಅಲ್ವಾ?

ಗೆರೆಗೀಟು

ಒಂದು ತೆಳು ಹಾಳೆ ತಗೊಳ್ಳಿ, ಹಿಂದಿನಿಂದ ನೋಡಿದರೂ ಬರೆದದ್ದು ಕಾಣುವಂಥದ್ದು. ಸ್ಕೇಲ್ ಇಟ್ಟು ಉದ್ದಕ್ಕೆ ಒಂದು ಗೆರೆ ಎಳೆಯಿರಿ. ನಡುವೆ 0, ಬಲಕ್ಕೆ 2 ಮತ್ತು 5ರ ಜಾಗದಲ್ಲಿ ದಪ್ಪ ಚುಕ್ಕಿ. ಕೆಳಗೆ ಇನ್ನೊಂದು ಹಾಳೆಯಲ್ಲಿ ಅದೇ ಅಳತೆಯ ಸಂಖ್ಯಾರೇಖೆ, -6ರಿಂದ 6ರವರೆಗೆ. ಈಗ ಮೇಲಿನ ಹಾಳೆಯನ್ನು ಪುಸ್ತಕದ ಪುಟ ಮಗುಚಿದ ಹಾಗೆ ಮಗುಚಿ, 0 ಮಾತ್ರ 0ಯ ಮೇಲೇ ಇರುವಂತೆ ನೋಡಿಕೊಳ್ಳಿ. 2 ಇದ್ದ ಚುಕ್ಕಿ -2ರ ಮೇಲೆ ಕೂರುತ್ತದೆ, 5 ಇದ್ದದ್ದು -5ರ ಮೇಲೆ. ಮೊದಲು ಬಲಗಡೆ ಯಾವುದಿತ್ತು? 5. ಈಗ ಬಲಗಡೆ ಯಾವುದಿದೆ? 2 ಇದ್ದದ್ದು.

ಸಂಖ್ಯಾರೇಖೆಯಲ್ಲಿ ದೊಡ್ಡದು ಅಂದರೆ ಬಲಗಡೆ ಇರುವುದು, ಅಷ್ಟೇ. ಹಾಳೆ ಮಗುಚಿದರೆ ಎಡಬಲ ಅದಲುಬದಲು. ಹಾಗಾಗಿ 2 < 5 ಇದ್ದದ್ದು -2 > -5 ಆಗುತ್ತದೆ. ಯಾರೋ ಕೂತು ಮಾಡಿದ ಕಾನೂನಲ್ಲ ಇದು, ಹಾಳೆಯ ಮೇಲೇ ಕಾಣುತ್ತದೆ.

-3ರಿಂದ ಭಾಗಿಸುವುದು ಎರಡು ಕೆಲಸ ಒಟ್ಟಿಗೆ ಮಾಡಿದ ಹಾಗೆ. ಒಂದು, ಎಲ್ಲವನ್ನೂ 0ಯ ಕಡೆಗೆ ಮೂರನೇ ಒಂದು ಭಾಗಕ್ಕೆ ಕುಗ್ಗಿಸುವುದು. ಕುಗ್ಗಿಸಿದರೆ ಚುಕ್ಕಿಗಳು ಹತ್ತಿರ ಬರುತ್ತವೆ, ಆದರೆ ಒಂದನ್ನೊಂದು ದಾಟುವುದಿಲ್ಲ, ಸರದಿ ಹಾಗೇ ಇರುತ್ತದೆ. ಇನ್ನೊಂದು, ಮಗುಚುವುದು. ಬಾಯಿ ತಿರುಗುವುದು ಇದರಿಂದ ಮಾತ್ರ.

ಈಗ ತಂಗಿಯ ಎರಡನೇ ಲೆಕ್ಕ ನೋಡಿ. 2ಯ < -8. ಭಾಗಿಸಿದ್ದು 2ರಿಂದ. ಬರೀ ಕುಗ್ಗಿಸುವ ಕೆಲಸ. -8 ಎಡಗಡೆ ಇತ್ತು, -4 ಆಗಿ ಎಡಗಡೆಯೇ ಉಳಿಯಿತು. ಹಾಳೆ ಮಗುಚಲೇ ಇಲ್ಲವಲ್ಲ.

ಚಾಕ್‌ಪುಡಿ

ಗೆರೆಗೀಟು ಅವರ ಹಾಳೆ ಚೆನ್ನಾಗಿದೆ. ನಾನು ಬಹಳ ವರ್ಷ ಈ ಪಾಠ ಮಾಡಿದವನು, ಈಗ ನಿವೃತ್ತ. ತಪ್ಪು ನಿಮ್ಮ ತಂಗಿಯದಲ್ಲ, ನಾವು ಹೇಳಿಕೊಡುವ ವಾಕ್ಯದ್ದು.

‘ಚಿಹ್ನೆ ಬದಲಾಗುತ್ತದೆ’ ಅನ್ನುತ್ತೇವೆ. ಕನ್ನಡದಲ್ಲಿ ಪ್ಲಸ್ ಮೈನಸ್ಸೂ ಚಿಹ್ನೆಯೇ, ಚಿಕ್ಕದು ದೊಡ್ಡದು ಅನ್ನೋದೂ ಚಿಹ್ನೆಯೇ. ಒಂದೇ ಪದಕ್ಕೆ ಎರಡು ಕೆಲಸ. ಅದು ಸಾಲದು ಅಂತ ಅದಕ್ಕೆ ಮೊದಲೇ ‘ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ’ ಅಂತ ಬೇರೆ ಹೇಳಿಕೊಟ್ಟಿರುತ್ತೇವೆ. (ಪಕ್ಷಾಂತರ ಮಾಡಿದವರ ಚಿಹ್ನೆ ಬದಲಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೇ ಅದೊಂದು ಮಕ್ಕಳಿಗೆ ಮರೆಯುವುದಿಲ್ಲ.) ಈ ಮೂರೂ ಸೇರಿ ಮಗುವಿನ ತಲೆಯಲ್ಲಿ ‘ಎಲ್ಲೋ ಒಂದು ಮೈನಸ್ ಕಂಡರೆ ಏನನ್ನೋ ಒಂದನ್ನು ತಿರುಗಿಸು’ ಅನ್ನುವ ಮುದ್ದೆಯಾಗಿ ಕೂರುತ್ತವೆ. ಅದರ ಫಲವೇ 2ಯ < -8ಕ್ಕೆ ಯ > -4.

ಕೊನೆಕೊನೆಗೆ ನಾನು ‘ಚಿಹ್ನೆ’ ಪದವನ್ನೇ ಬಿಟ್ಟುಬಿಟ್ಟೆ. ಪ್ಲಸ್ ಮೈನಸ್‌ಗೆ ‘ಗುರುತು’, ಅಸಮತೆಗೆ ‘ಬಾಯಿ’. ನಿಮ್ಮ ತಂಗಿ ತಾನಾಗೇ ಬಾಯಿ ಅಂದಳಲ್ಲ, ಅದನ್ನೇ ಇಟ್ಟುಕೊಳ್ಳಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಭಾಗಿಸಿದ್ದು ಯಾವುದರಿಂದ? ಭಾಜಕದ ಗುರುತು ನೋಡು. ಭಾಜ್ಯಕ್ಕೆ ಯಾವ ಗುರುತಾದರೂ ಇರಲಿ, ಉತ್ತರಕ್ಕೆ ಯಾವ ಗುರುತಾದರೂ ಬರಲಿ, ಬಾಯಿಗೆ ಸಂಬಂಧವಿಲ್ಲ.

ಇನ್ನು, ಬಾಯಿ ತಿರುಗಿಸದೆಯೇ ಅದೇ ಲೆಕ್ಕ ಮಾಡಬಹುದು. ನಂಬಿಕೆ ಬಾರದ ಮಕ್ಕಳಿಗೆ ಇದನ್ನು ತೋರಿಸುತ್ತಿದ್ದೆ.

-3ಯ < 12
ಎರಡೂ ಕಡೆ 3ಯ ಕೂಡಿಸಿ: 0 < 12 + 3ಯ
ಎರಡೂ ಕಡೆ 12 ಕಳೆಯಿರಿ: -12 < 3ಯ
3ರಿಂದ ಭಾಗಿಸಿ: -4 < ಯ

ಎಲ್ಲಿಯೂ ಮೈನಸ್‌ನಿಂದ ಭಾಗಿಸಲಿಲ್ಲ, ಎಲ್ಲಿಯೂ ಬಾಯಿ ತಿರುಗಿಸಲಿಲ್ಲ. ಆದರೆ ಯ ಎಡಗಡೆ ಇದ್ದದ್ದು ಬಲಗಡೆ ಬಂದು ಕೂತಿದೆ. ‘-4ಕ್ಕಿಂತ ಯ ದೊಡ್ಡದು’. ಇದನ್ನೇ ಯನಿಂದ ಶುರುಮಾಡಿ ಬರೆದರೆ ಯ > -4.

ಕೊನೇಬೆಂಚು

ಮೇಷ್ಟ್ರೇ, ನಿಮ್ಮ ಕ್ಲಾಸಲ್ಲಿ ನಾನಿರಬೇಕಿತ್ತು. ನನಗೆ ಇದಕ್ಕಿಂತ ಹಿಂದಿನದೇ ಗೊತ್ತಿಲ್ಲ. ಮೈನಸ್ಸನ್ನು ಮೈನಸ್ಸಿಂದ ಭಾಗಿಸಿದರೆ ಪ್ಲಸ್ ಯಾಕೆ? ಹಂಚುವುದು ಅಂತ ಭಾಗಾಕಾರ ಹೇಳಿಕೊಡುತ್ತಾರೆ. -3 ಜನಕ್ಕೆ ಹೇಗೆ ಹಂಚೋದು?

ಗೆರೆಗೀಟು

ಹಂಚೋಕೆ ಆಗಲ್ಲ. ಅಲ್ಲೇ ಆ ಹೋಲಿಕೆ ಮುಗಿಯಿತು, ಅದನ್ನು ಎಳೆದಾಡಬಾರದು. ಭಾಗಾಕಾರಕ್ಕೆ ಇನ್ನೊಂದು ಅರ್ಥ ಇದೆ: ‘ಇದರಲ್ಲಿ ಅದು ಎಷ್ಟು ಸಲ?’ -12ರಲ್ಲಿ -3 ಎಷ್ಟು ಸಲ ಇದೆ? ನಾಲ್ಕು ಸಲ. ಆದ್ದರಿಂದ -12 ÷ -3 = 4. ಇದಕ್ಕೆ ಯಾವ ಜಾದೂವೂ ಬೇಡ.

ಕಷ್ಟ ಇರುವುದು 12 ÷ -3ರಲ್ಲಿ. ಅದಕ್ಕೊಂದು ಚಿತ್ರ. ತೊಟ್ಟಿಯ ನೀರು ಗಂಟೆಗೆ 3 ಸೆಂಟಿಮೀಟರ್ ಇಳಿಯುತ್ತಿದೆ, ಅಂದರೆ ಬದಲಾವಣೆ ಗಂಟೆಗೆ -3. ಈಗಿನ ಮಟ್ಟವನ್ನು 0 ಅಂತ ಇಟ್ಟುಕೊಳ್ಳಿ. ನೀರು 12 ಸೆಂ.ಮೀ. ಮೇಲೆ ಇರುವುದು ಯಾವಾಗ? 12 ÷ -3 = -4. ನಾಲ್ಕು ಗಂಟೆ ಹಿಂದೆ. ನೀರು -12ಕ್ಕೆ ಇರುವುದು ಯಾವಾಗ? -12 ÷ -3 = 4. ಇನ್ನು ನಾಲ್ಕು ಗಂಟೆಗೆ.

ಅಸಮತೆಯೂ ಅದೇ ತೊಟ್ಟಿಯಲ್ಲಿದೆ. ‘ಮಟ್ಟ 12ಕ್ಕಿಂತ ಕಡಿಮೆ ಇದ್ದದ್ದು ಯಾವಾಗ?’ ಅಂತ ಕೇಳಿ. -3ಯ < 12, ಇಲ್ಲಿ ಯ ಅಂದರೆ ಗಂಟೆ. ನೀರು ಇಳಿಯುತ್ತಿರುವುದರಿಂದ ‘ಮಟ್ಟ ಕಡಿಮೆ’ ಅಂದರೆ ‘ಹೊತ್ತು ಜಾಸ್ತಿ’. ನಾಲ್ಕು ಗಂಟೆ ಹಿಂದಿನದಕ್ಕಿಂತ ಈಚೆಗೆ, ಯ > -4. ನೀರು ಏರುತ್ತಿದ್ದರೆ ಕಡಿಮೆ ಮಟ್ಟ ಅಂದರೆ ಮುಂಚಿನ ಹೊತ್ತು ಆಗುತ್ತಿತ್ತು, ಬಾಯಿ ತಿರುಗುತ್ತಿರಲಿಲ್ಲ.

ಕೊನೇಬೆಂಚು

ಅಯ್ಯೋ, ಇಷ್ಟೇನಾ! ಇಳಿಯುತ್ತಿದೆ ಅನ್ನೋದೇ ಬಾಯಿ ತಿರುಗಿಸುತ್ತಿದೆ.

ಹಳೇಪುಟ

ಪೆನ್ಸಿಲ್‌ಮೊನೆ ಅವರೇ, ಬೇಜಾರಿಗೆ ‘ಯ’ ಬರೆದಿದ್ದೀರಿ, ಆದರೆ ಗೊತ್ತಿಲ್ಲದೆ ಹಳೇ ದಾರಿಗೇ ಹೋಗಿದ್ದೀರಿ. 12ನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ತಾವತ್’ ಅಂತ ಹೆಸರು, ಚಿಕ್ಕದಾಗಿ ‘ಯಾ’. ಎರಡನೆಯದು ಬೇಕಾದರೆ ಬಣ್ಣದ ಹೆಸರು: ಕಾಲಕ, ನೀಲಕ, ಪೀತಕ. ಋಣ ಸಂಖ್ಯೆ ಆದರೆ ತಲೆಯ ಮೇಲೊಂದು ಚುಕ್ಕಿ.

ಗುರುತಿನ ನಿಯಮ ಅದಕ್ಕೂ ಹಳೆಯದು. 628ರಲ್ಲಿ ಬ್ರಹ್ಮಗುಪ್ತರು ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬರೆದಿದ್ದಾರೆ. ಧನವನ್ನು ಧನದಿಂದ ಭಾಗಿಸಿದರೂ ಧನ, ಋಣವನ್ನು ಋಣದಿಂದ ಭಾಗಿಸಿದರೂ ಧನ, ಒಂದು ಧನ ಒಂದು ಋಣ ಆದರೆ ಋಣ. (ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂತಲೂ ಅಲ್ಲೇ ಇದೆ. ಅದೊಂದು ಇವತ್ತು ನಿಲ್ಲುವುದಿಲ್ಲ.) ನಾವು ದಿನಾ ಹೇಳುವ ‘ಋಣ ಸಂಖ್ಯೆ’ಯಲ್ಲಿ ಆ ಸಾಲದ ಅರ್ಥ ಇನ್ನೂ ಕೂತಿದೆ. ಆದರೆ ಈ ಬಾಯಿಗಳಿವೆಯಲ್ಲ, < ಮತ್ತು >, ಅವು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಅವರ ಪುಸ್ತಕದಲ್ಲಿ, ಅವರು ತೀರಿಕೊಂಡು ಹತ್ತು ವರ್ಷ ಆದಮೇಲೆ. ಗುರುತಿನ ನಿಯಮಕ್ಕೂ ಬಾಯಿಗೂ ಸಾವಿರ ವರ್ಷದ ಅಂತರ.

ಈ ಲೆಕ್ಕದಲ್ಲಿ ಎಡವಿದ ದೊಡ್ಡವರೂ ಇದ್ದಾರೆ, ತಂಗಿಗೆ ಹೇಳಿ. 17ನೇ ಶತಮಾನದಲ್ಲಿ ಫ್ರಾನ್ಸಿನ ಆಂತ್ವಾನ್ ಅರ್ನೋ ಒಂದು ತಕರಾರು ತೆಗೆದರು. 1/-1 ಮತ್ತು -1/1 ಎರಡೂ ಒಂದೇ ಅನ್ನುತ್ತೀರಿ. ಮೊದಲನೆಯದರಲ್ಲಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದ್ದು, ಎರಡನೆಯದರಲ್ಲಿ ಚಿಕ್ಕದನ್ನು ದೊಡ್ಡದರಿಂದ. ಎರಡೂ ಹೇಗೆ ಸಮ ಆದಾವು? ಕೇಳಿದರೆ ಹೌದಲ್ಲ ಅನ್ನಿಸುತ್ತದೆ.

ಇಂಗ್ಲೆಂಡಿನ ಗಣಿತಜ್ಞ ಜಾನ್ ವಾಲಿಸ್ 1656ರಲ್ಲಿ ಇನ್ನೂ ಮುಂದೆ ಹೋದರು. 3ನ್ನು 1ರಿಂದ, 0.1ರಿಂದ, 0.01ರಿಂದ ಭಾಗಿಸುತ್ತಾ ಹೋದರೆ ಉತ್ತರ ಬೆಳೆಯುತ್ತಾ ಹೋಗುತ್ತದೆ. 0ಯಿಂದ ಭಾಗಿಸಿದರೆ ಅನಂತ. ಹಾಗಾದರೆ 0ಗಿಂತ ಚಿಕ್ಕದಾದ -1ರಿಂದ ಭಾಗಿಸಿದರೆ ಅನಂತಕ್ಕಿಂತಲೂ ದೊಡ್ಡದು ಬರಬೇಕಲ್ಲ ಅಂದರು! ಬರುವುದು -3.

ಚಾಕ್‌ಪುಡಿ

ಅರ್ನೋ ಅವರ ತಕರಾರಿಗೆ ಉತ್ತರ ಈ ಚರ್ಚೆಯಲ್ಲೇ ಇದೆ. ‘ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 1ಕ್ಕಿಂತ ಜಾಸ್ತಿ ಬರಬೇಕು’ ಅನ್ನುವ ನಂಬಿಕೆ ಎಲ್ಲಿಂದ ಬಂತು? 5 > 2, ಎರಡೂ ಕಡೆ 2ರಿಂದ ಭಾಗಿಸು, 5/2 > 1. ಅದೇ ರೀತಿ 1 > -1 ಬರೆದು ಎರಡೂ ಕಡೆ -1ರಿಂದ ಭಾಗಿಸಿ. ಭಾಜಕ ಋಣ, ಬಾಯಿ ತಿರುಗಿತು: 1/-1 < 1. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೂ 1ಕ್ಕಿಂತ ಕಡಿಮೆಯೇ ಬಂತು. ತಂಗಿ ಮಾಡಿದ ತಪ್ಪು ತಿರುಗಿಸಬಾರದ ಕಡೆ ತಿರುಗಿಸಿದ್ದು, ಅರ್ನೋ ಮಾಡಿದ್ದು ತಿರುಗಿಸಬೇಕಾದ ಕಡೆ ಬಿಟ್ಟದ್ದು.

ಸುಮ್ನೆಓದುಗ

ಪಾಪ ಆ 6/ಯ < 2 ಹಾಗೇ ಉಳಿದಿದೆ. ಅದಕ್ಕೆ ಸುಲಭದ ದಾರಿ: ಎರಡೂ ಕಡೆ ತಲೆಕೆಳಗು ಮಾಡಿ. ವ್ಯುತ್ಕ್ರಮ ತೆಗೆದರೆ ಬಾಯಿ ತಿರುಗುತ್ತದೆ. ಯ/6 > 1/2, ಆದ್ದರಿಂದ ಯ > 3. ಪೆನ್ಸಿಲ್‌ಮೊನೆ ಬರೆದ ಉತ್ತರವೇ ಸರಿ, ಆ ಪರೀಕ್ಷೆಯವರೇ ತಪ್ಪು ಮಾಡಿರಬೇಕು.

ರಾತ್ರಿಪಾಳಿ

ಯ = -1 ಹಾಕಿ ನೋಡಿ ಗುರು. 6/-1 ಅಂದರೆ -6. ಅದು 2ಕ್ಕಿಂತ ಕಡಿಮೆ ತಾನೇ? ಆದರೆ -1 ನಿಮ್ಮ ಉತ್ತರದಲ್ಲಿಲ್ಲ.

ಸುಮ್ನೆಓದುಗ

ಅರೆ. ನನ್ನ ಬುದ್ಧಿವಾದ ನನಗೇ ತಿರುಗಿತು. ಸಂಖ್ಯೆ ಹಾಕಿ ನೋಡಿ ಅಂತ ಮೊದಲು ಹೇಳಿದವನೇ ನಾನು.

ಚಾಕ್‌ಪುಡಿ

ಇದೇ ಈ ವಿಷಯದ ಅಸಲು ತಿರುಳು, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

-3ರಿಂದ ಭಾಗಿಸುವಾಗ ಮೈನಸ್ ಎದುರಿಗೇ ನಿಂತಿರುತ್ತದೆ, ಕಣ್ಣಿಗೆ ಕಾಣುತ್ತದೆ. ‘ಯ’ನಿಂದ ಗುಣಿಸುವಾಗ ಅಥವಾ ಭಾಗಿಸುವಾಗ ಏನೂ ಕಾಣುವುದಿಲ್ಲ. ಯ ಹಿಂದೆ ಮೈನಸ್ ಬರೆದಿಲ್ಲ ಅಂದ ಮಾತ್ರಕ್ಕೆ ಅದು ಧನ ಅಂತಲ್ಲ. ಅದರೊಳಗೆ -7 ಅಡಗಿ ಕೂತಿರಬಹುದು. ಹಾಗೇನೇ -ಯ ಅಂತ ಬರೆದ ಮಾತ್ರಕ್ಕೆ ಋಣವೂ ಅಲ್ಲ. ಇದು ನನ್ನ ವಿದ್ಯಾರ್ಥಿಗಳಿಗೆ ಅರಗಿಸಿಕೊಳ್ಳಲು ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು.

6/ಯ < 2. ಯನಿಂದ ಗುಣಿಸಬೇಕು. ಗುರುತು ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಎರಡು ದಾರಿ ಮಾಡಿಕೊಳ್ಳಬೇಕು.

ಯ ಧನ ಅಂತಿಟ್ಟುಕೊಂಡರೆ ಬಾಯಿ ಹಾಗೇ ಇರುತ್ತದೆ: 6 < 2ಯ, ಅಂದರೆ ಯ > 3. 3ಕ್ಕಿಂತ ದೊಡ್ಡದೆಲ್ಲ ಧನವೇ, ತಕರಾರಿಲ್ಲ.

ಯ ಋಣ ಅಂತಿಟ್ಟುಕೊಂಡರೆ ಬಾಯಿ ತಿರುಗುತ್ತದೆ: 6 > 2ಯ, ಅಂದರೆ ಯ < 3. ಆದರೆ ಯ ಋಣ ಅಂತ ಈಗಷ್ಟೇ ಮಾತು ಕೊಟ್ಟಿದ್ದೇವೆ. ಎರಡೂ ಸೇರಿದರೆ ಉಳಿಯುವುದು ಯ < 0. 1, 2 ಇಲ್ಲಿಗೆ ಬರುವ ಹಾಗಿಲ್ಲ. ಬರಬಾರದು ಕೂಡ, 6/2 ಅಂದರೆ 3, ಅದು 2ಕ್ಕಿಂತ ಕಡಿಮೆ ಅಲ್ಲ.

ಪೂರ್ತಿ ಉತ್ತರ: ಯ < 0 ಅಥವಾ ಯ > 3. ಪೆನ್ಸಿಲ್‌ಮೊನೆ ಅವರು ಬಲಗಡೆಯ ತುಂಡು ಹಿಡಿದುಕೊಂಡು ಎಡಗಡೆಯದನ್ನು ಪೂರ್ತಿ ಬಿಟ್ಟುಬಂದಿದ್ದರು.

ಎರಡು ದಾರಿ ಬೇಡ ಅನ್ನುವವರು ಯ ಬದಲು ಯ²ನಿಂದ ಗುಣಿಸಬಹುದು. ಯ ಸೊನ್ನೆಯಾಗುವ ಹಾಗಿಲ್ಲ, ಹಾಗಾಗಿ ವರ್ಗ ಖಂಡಿತ ಧನ. 6ಯ < 2ಯ², ಅಂದರೆ ಯ(ಯ - 3) > 0. ಎರಡೂ ಒಂದೇ ಗುರುತಿನವಾದರೆ ಮಾತ್ರ ಗುಣಲಬ್ಧ ಧನ. ಅದೇ ಉತ್ತರ ಬರುತ್ತದೆ.

ವ್ಯುತ್ಕ್ರಮದ ಮಾತಿಗೆ ಬಂದರೆ, ಎರಡೂ ಕಡೆ ಒಂದೇ ಗುರುತಿದ್ದರೆ ಮಾತ್ರ ಬಾಯಿ ತಿರುಗುತ್ತದೆ. 2 < 3, ತಲೆಕೆಳಗು ಮಾಡಿದರೆ 1/2 > 1/3. -3 < -2, ತಲೆಕೆಳಗು ಮಾಡಿದರೆ -1/3 > -1/2. ಆದರೆ -2 < 3 ತಗೊಳ್ಳಿ, -1/2 < 1/3. ತಿರುಗಲಿಲ್ಲ. ಋಣ ಯಾವತ್ತೂ ಸೊನ್ನೆಯ ಎಡಗಡೆ, ಧನ ಬಲಗಡೆ, ತಲೆಕೆಳಗಾದರೂ ಅವು ಪಕ್ಷ ಬದಲಾಯಿಸುವುದಿಲ್ಲ.

ಪೆನ್ಸಿಲ್‌ಮೊನೆ

ಮೇಷ್ಟ್ರೇ, ಕೈಮುಗಿದೆ. ಹತ್ತು ವರ್ಷದ ಹಳೇ ಗಾಯ ಇವತ್ತು ಮಾಯಿತು. ಅಂಕ ವಾಪಸ್ ಬರಲ್ಲ, ಇರಲಿ.

ರಾತ್ರಿಪಾಳಿ

ಅಡಗಿ ಕೂತ ಮೈನಸ್ ಅಂದಿರಲ್ಲ, ನನ್ನನ್ನು ಹಿಡಿದದ್ದು ಲಾಗ್ (ಒಂದು ಸಂಖ್ಯೆ 10ರ ಎಷ್ಟನೇ ಘಾತ ಅನ್ನುವ ಲೆಕ್ಕ) ಒಳಗಿನ ಮೈನಸ್. ಒಂದು ವಸ್ತು ಪ್ರತಿ ಸುತ್ತಿಗೂ ಅರ್ಧ ಆಗುತ್ತದೆ, ಎಷ್ಟು ಸುತ್ತಿನಲ್ಲಿ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಆಗುತ್ತದೆ? 0.5ರ ಘಾತ ‘ನ’ ಅಂತಿರಲಿ, ಅದು 0.01ಕ್ಕಿಂತ ಕಡಿಮೆ ಆಗಬೇಕು. ಎರಡೂ ಕಡೆ ಲಾಗ್ ತೆಗೆದೆ: ನ × ಲಾಗ್ 0.5 < ಲಾಗ್ 0.01. ಲಾಗ್ 0.5ರಿಂದ ಭಾಗಿಸಿದೆ. ನ < 6.64 ಬಂತು. ಅಂದರೆ ಆರು ಸುತ್ತಿನೊಳಗೆ ಕಡಿಮೆ ಇರುತ್ತದೆ, ಆಮೇಲೆ ಜಾಸ್ತಿ ಆಗುತ್ತದೆ! ಅರ್ಧ ಅರ್ಧ ಆಗುತ್ತಾ ಹೋಗುವ ವಸ್ತು ಆಮೇಲೆ ಜಾಸ್ತಿ ಹೇಗೆ ಆಗುತ್ತೆ ಅಂತ ಕಾಗದವನ್ನೇ ನೋಡುತ್ತಾ ಕೂತಿದ್ದೆ. ಲಾಗ್ 0.5 ಅಂದರೆ -0.301. ಬರೆದಿರುವ ರೀತಿಯಲ್ಲಿ ಎಲ್ಲೂ ಮೈನಸ್ ಕಾಣಲ್ಲ, ಆದರೆ 1ಕ್ಕಿಂತ ಚಿಕ್ಕ ಧನ ಸಂಖ್ಯೆಯ ಲಾಗ್ ಋಣವೇ. ಬಾಯಿ ತಿರುಗಿಸಿದರೆ ನ > 6.64, ಅಂದರೆ ಏಳು ಸುತ್ತು. ಆರು ಸುತ್ತಿಗೆ 0.015625, ಏಳಕ್ಕೆ 0.0078125. ಸರಿಹೋಯಿತು.

ಇನ್ನು ಕಂಪ್ಯೂಟರಿಗೆ ಮೈನಸ್ ಭಾಗಾಕಾರ ಕೊಟ್ಟರೆ ಬೇರೆಯೇ ಕಥೆ. -7ನ್ನು 2ರಿಂದ ಭಾಗಿಸಿ ಪೂರ್ಣಾಂಕ ಕೊಡು ಅಂದರೆ ಪ್ರೋಗ್ರಾಮ್ ಬರೆಯುವ ಸಿ ಭಾಷೆ -3 ಕೊಡುತ್ತದೆ, ಪೈಥಾನ್ -4 ಕೊಡುತ್ತದೆ. ನಿಜವಾದ ಉತ್ತರ -3.5. ಸಿ ಅದನ್ನು ಸೊನ್ನೆಯ ಕಡೆಗೆ ಮೊಟಕು ಮಾಡುತ್ತದೆ, ಪೈಥಾನ್ ಎಡಗಡೆಗೆ ಇಳಿಸುತ್ತದೆ. ಸಿಯಲ್ಲಿ ಹೀಗೇ ಆಗಬೇಕು ಅಂತ ಗೊತ್ತುಪಡಿಸಿದ್ದು 1999ರ ಆವೃತ್ತಿಯಲ್ಲಿ. ಉತ್ತರ ಬೇರೆಯಾದರೆ ಶೇಷವೂ ಬೇರೆ: ಸಿಯಲ್ಲಿ ಶೇಷ -1, ಪೈಥಾನ್‌ನಲ್ಲಿ 1. ಬೆಸ ಸಂಖ್ಯೆಯೋ ಅಲ್ಲವೋ ನೋಡಲು ‘2ರಿಂದ ಭಾಗಿಸಿದಾಗ ಶೇಷ 1 ಇದೆಯಾ’ ಅಂತ ಸಿಯಲ್ಲಿ ಬರೆದಿದ್ದೆ. ಧನ ಸಂಖ್ಯೆಗಳಿಗೆಲ್ಲ ಚೆನ್ನಾಗಿ ನಡೆಯಿತು. -7 ಬಂದಾಗ ಅದು ಬೆಸ ಅಲ್ಲ ಅಂದಿತು. ಹುಡುಕಲು ಒಂದು ರಾತ್ರಿ ಹೋಯಿತು. ಶೇಷ ಸೊನ್ನೆ ಅಲ್ಲವಾ ಅಂತ ಕೇಳಬೇಕಿತ್ತು.

ಕೊನೇಬೆಂಚು

-1ರಿಂದ ಭಾಗಿಸಿದರೆ ಬರೀ ಗುರುತು ಬದಲಾಗುತ್ತೆ, ಅದರಲ್ಲಾದರೂ ಕಂಪ್ಯೂಟರಿಗೆ ತೊಂದರೆ ಇರಲ್ಲ ಬಿಡಿ.

ರಾತ್ರಿಪಾಳಿ

ಅದೇ ಎಲ್ಲಕ್ಕಿಂತ ಕೆಟ್ಟದ್ದು. 32 ಬಿಟ್‌ನ (0 ಅಥವಾ 1 ಕೂರುವ 32 ಮನೆಗಳ) ಪೂರ್ಣಾಂಕದಲ್ಲಿ ಎಡಗಡೆ -2147483648ವರೆಗೆ ಜಾಗ ಇದೆ, ಬಲಗಡೆ 2147483647ವರೆಗೆ ಮಾತ್ರ. ಸೊನ್ನೆ ಬಲಗಡೆಯವರ ಪಾಲಿನ ಒಂದು ಕುರ್ಚಿ ಹಿಡಿದಿದೆ. ಈಗ -2147483648ನ್ನು -1ರಿಂದ ಭಾಗಿಸಿ. 2147483648 ಬರಬೇಕು, ಕೂರಲು ಜಾಗ ಇಲ್ಲ. ಜಾವಾದಲ್ಲಿ ಮತ್ತೆ -2147483648 ಬರುತ್ತದೆ, ಮೈನಸ್ ಹೋಗುವುದೇ ಇಲ್ಲ. ಸಿಯಲ್ಲಿ ಏನಾಗಬೇಕು ಅಂತ ನಿಯಮವೇ ಇಲ್ಲ, ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಪ್ರೋಗ್ರಾಮ್ ಅಲ್ಲೇ ಬಿದ್ದುಹೋಗುತ್ತದೆ. ಗೆರೆಗೀಟು ಅವರ ಹಾಳೆ ಮಗುಚಿದಾಗ ಒಂದು ಚುಕ್ಕಿ ಹಾಳೆಯಿಂದ ಆಚೆ ಬಿದ್ದ ಹಾಗೆ.

ಹಳೇಪುಟ

ಇದೇ ನಿಯಮದಿಂದ ಇನ್ನೊಂದು ಸಣ್ಣ ತಮಾಷೆ. -1ರ ವರ್ಗಮೂಲ ‘ಐ’ ಇದೆಯಲ್ಲ, ಅದು ಸೊನ್ನೆಗಿಂತ ದೊಡ್ಡದೋ ಚಿಕ್ಕದೋ? ದೊಡ್ಡದು ಅನ್ನಿ. ಐ > 0, ಎರಡೂ ಕಡೆ ಐನಿಂದ ಗುಣಿಸಿ, ಧನ ಆದ್ದರಿಂದ ಬಾಯಿ ತಿರುಗುವುದಿಲ್ಲ, -1 > 0. ತಪ್ಪು. ಸರಿ, ಚಿಕ್ಕದು ಅನ್ನಿ. ಐ < 0, ಐನಿಂದ ಗುಣಿಸಿ, ಋಣ ಆದ್ದರಿಂದ ಬಾಯಿ ತಿರುಗುತ್ತದೆ, ಮತ್ತೆ -1 > 0. ಸೊನ್ನೆಯಂತೂ ಅಲ್ಲ. ಹಾಗಾಗಿ ಐ ಸೇರಿದ ಮಿಶ್ರ ಸಂಖ್ಯೆಗಳನ್ನು ಈ ನಿಯಮಕ್ಕೆ ಒಗ್ಗುವ ಹಾಗೆ ಸಾಲಾಗಿ ನಿಲ್ಲಿಸಲು ಆಗುವುದೇ ಇಲ್ಲ. ಬಾಯಿಯೇ ಇಲ್ಲದ ಲೋಕ ಅದು.

ಪೆನ್ಸಿಲ್‌ಮೊನೆ

ಇವತ್ತು ಸಂಜೆಯ ವರದಿ. ಬೆಣ್ಣೆ ಕಾಗದದಂಥ ಹಾಳೆ ಹುಡುಕಿ ಗೆರೆ ಎಳೆದುಕೊಟ್ಟೆ. ಒಂದು ಸಲ ಮಗುಚಿದಳು, ಎರಡು ಸಲ ಮಗುಚಿದಳು. ‘ಓ, ಎರಡು ಸಲ ಮಗುಚಿದರೆ ಮೊದಲಿನ ಹಾಗೇ. ಅದಕ್ಕೇ ಮೈನಸ್ ಮೈನಸ್ ಪ್ಲಸ್ಸು’ ಅಂತ ಅವಳೇ ಹೇಳಿಕೊಂಡಳು. ನಾನು ಹೇಳಿಕೊಟ್ಟದ್ದಲ್ಲ.

ಆಮೇಲೆ ಕೇಳಿದ ಪ್ರಶ್ನೆ: ‘1ರಿಂದ ಗುಣಿಸಿದರೆ ಹಾಳೆ ಹಾಗೇ ಇದೆ, -1ರಿಂದ ಗುಣಿಸಿದರೆ ಮಗುಚಿದೆ. ನಡುವಿನ ಸಂಖ್ಯೆಗಳಲ್ಲಿ ಯಾವಾಗ ಮಗುಚಿತು?’ ಮತ್ತೆ ಸಿಕ್ಕಿಹಾಕಿಕೊಂಡೆ.

ಗೆರೆಗೀಟು

ನಿಮ್ಮ ತಂಗಿಗೆ ನನ್ನ ನಮಸ್ಕಾರ. ಅದಕ್ಕೆ ಹಾಳೆ ಬಿಟ್ಟು ರಬ್ಬರ್ ಬ್ಯಾಂಡ್ ಹಿಡಿಯಬೇಕು. 1ರಿಂದ ಗುಣಿಸಿದಾಗ ಚುಕ್ಕಿಗಳು 2 ಮತ್ತು 5ರಲ್ಲಿ. 0.5ರಿಂದ ಗುಣಿಸಿದರೆ 1 ಮತ್ತು 2.5. 0.1ರಿಂದ ಆದರೆ 0.2 ಮತ್ತು 0.5. ಹತ್ತಿರ ಹತ್ತಿರ ಬರುತ್ತಿವೆ, ಸರದಿ ಅದೇ. 0ಯಿಂದ ಗುಣಿಸಿದ ಕ್ಷಣ ಎರಡೂ ಒಂದೇ ಚುಕ್ಕಿ. ಯಾರು ಎಡ, ಯಾರು ಬಲ ಅನ್ನೋದೇ ಇಲ್ಲ. -0.1ಕ್ಕೆ ಹೋದರೆ -0.2 ಮತ್ತು -0.5, ಆ ಕಡೆಯಿಂದ ಅದಲುಬದಲಾಗಿ ಹೊರಬಂದಿವೆ. ಮಗುಚಿದ್ದು ಸೊನ್ನೆಯಲ್ಲಿ.

ಅದಕ್ಕೇ ಅಸಮತೆಯ ಎರಡೂ ಕಡೆ ಸೊನ್ನೆಯಿಂದ ಗುಣಿಸಬಾರದು. 2 < 5 ನಿಜ, 0 < 0 ಸುಳ್ಳು. ಭಾಗಿಸುವುದಂತೂ ಆಗದ ಮಾತು. ಎಲ್ಲ ಚುಕ್ಕಿ ಒಂದಾದ ಮೇಲೆ ಬಿಡಿಸಿ ಹಿಂದಿನ ಜಾಗಕ್ಕೆ ಕಳಿಸೋಕೆ ಆಗಲ್ಲ.

ಪೆನ್ಸಿಲ್‌ಮೊನೆ

ಓದಿ ಹೇಳಿದೆ. ‘ಹೂಂ’ ಅಂದಳು. ಅವಳ ‘ಹೂಂ’ ಅಂದರೆ ಒಪ್ಪಿಗೆ.

ಆಮೇಲೆ ಪುಸ್ತಕದ ಕೊನೇ ಲೆಕ್ಕಕ್ಕೆ ಬಂದೆವು. -6 < -2ಯ ≤ 8. ಎರಡು ಬಾಯಿ ಇರುವುದು. ಪಂದ್ಯ ಕಟ್ಟಿಕೊಂಡು ಇಬ್ಬರೂ ಬೇರೆ ಬೇರೆ ಮಾಡಿದೆವು. ನಾನು ಬೇಗ ಬೇಗ ಎಲ್ಲದಕ್ಕೂ -2ರಿಂದ ಭಾಗಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ -4 < ಯ ≤ 3 ಅಂತ ಬರೆದು ಪೆನ್ನು ಕೆಳಗಿಟ್ಟೆ. ಅವಳು ಮೊದಲು 3 > ಯ ≥ -4 ಅಂತ ಬರೆದಳು. ಆಮೇಲೆ ಹಾಳೆಯನ್ನೇ ತಿರುಗಿಸಿ ಓದಿದ ಹಾಗೆ ಕತ್ತು ವಾಲಿಸಿ -4 ≤ ಯ < 3 ಅಂತ ಕೆಳಗೆ ಬರೆದಳು. ನನ್ನದನ್ನು ನೋಡಿ ಯ ಜಾಗಕ್ಕೆ 3 ಹಾಕಿದಳು. -6 < -6.

‘ಅಣ್ಣ, ಸಮದ ಗೆರೆ ಬಾಯಿಯ ಜೊತೆಗೇ ಹೋಗಬೇಕು. ನೀನು ಅದನ್ನು ಇದ್ದಲ್ಲೇ ಬಿಟ್ಟು ಬಂದಿದ್ದೀಯ.’